ಗುಂಪಿನಿಂದ ತಪ್ಪಿಸಿಕೊಂಡ ಮೂಗು

ತಾಯಿ ಮಗುವಿನ ಅಂಡು ಒರೆಸುತ್ತಿದ್ದಾಳೆ, ಪಕ್ಕದ ಗಂಡಸು ಮೂಗು ಹಿಡಿದುಕೊಂಡಿದ್ದಾನೆ. ಕಲಾ ಇತಿಹಾಸದ ತರಗತಿಯಲ್ಲಿ 17ನೇ ಶತಮಾನದ ಡಚ್ ಚಿತ್ರಕಾರ ಯಾನ್ ಮೀನ್ಸೆ ಮೊಲೆನಾರ್‌ನ ಈ ಪುಟ್ಟ ಚಿತ್ರವನ್ನು ಮೊದಲು ಒಂಟಿಯಾಗಿ ತೋರಿಸುತ್ತೇನೆ. ಬಡವರ ಮನೆಯ ದೃಶ್ಯ ಎಂದು ವಿದ್ಯಾರ್ಥಿಗಳು ನಗುತ್ತಾರೆ. ಆಮೇಲೆ ಉಳಿದ ನಾಲ್ಕನ್ನೂ ಪಕ್ಕಕ್ಕಿಡುತ್ತೇನೆ: ಖಾಲಿ ಹೂಜಿಯೊಳಗೆ ಇಣುಕುವವನು, ಹಾಡುವವರು, ಕುಡಿಯುವವನು, ಸೆರಗಿಗೆ ಕೈ ಹಾಕಿದವನ ತಲೆಗೆ ಚಪ್ಪಲಿಯಿಂದ ಬಾರಿಸುವ ಹೆಂಗಸು. ಪಂಚೇಂದ್ರಿಯಗಳು! 1637ರ ಈ ಐದೂ ಹೇಗ್ ನಗರದ ಮೌರಿತ್ಸ್‌ಹೌಸ್ ವಸ್ತುಸಂಗ್ರಹಾಲಯದಲ್ಲಿ ಒಟ್ಟಿಗೇ ಇವೆ. ಅದು ಅವುಗಳ ಪುಣ್ಯ.

ಹಳೆಯ ಪದ್ಧತಿಯಲ್ಲಿ ಈ ಗೊಂದಲವಿರಲಿಲ್ಲ. ಆಂಟ್‌ವರ್ಪ್‌ನ ಫ್ರಾನ್ಸ್ ಫ್ಲೋರಿಸ್ ರೂಪಿಸಿ 1561ರಲ್ಲಿ ಅಚ್ಚಾದ ಸರಣಿಯಲ್ಲಿ ಪ್ರತಿ ಇಂದ್ರಿಯವೂ ಒಬ್ಬ ಸ್ತ್ರೀ. ನೋಟಕ್ಕೆ ಕನ್ನಡಿ, ಹದ್ದು, ಘ್ರಾಣಕ್ಕೆ ನಾಯಿ, ರುಚಿಗೆ ಕೋತಿ. ಲಾಂಛನ ಕಂಡರೆ ಸಾಕು, ಯಾರೆಂದು ತಿಳಿಯುತ್ತದೆ. ಡಚ್ ಚಿತ್ರಕಾರರಲ್ಲಿ ಹಲವರು ಆ ಲಾಂಛನಗಳನ್ನು ಕಿತ್ತುಹಾಕಿ ಇಂದ್ರಿಯಗಳನ್ನು ಬೀದಿಗೆ, ಹೆಂಡದಂಗಡಿಗೆ ಇಳಿಸಿದರು. ಚಿತ್ರಕ್ಕೆ ಜೀವ ಬಂತು. ಆದರೆ ಗುರುತು ಗುಂಪಿನಲ್ಲಷ್ಟೇ ಉಳಿಯಿತು.

ಗುಂಪು ಚದುರಿದರೆ ಏನಾಗುತ್ತದೆ ಎಂಬುದಕ್ಕೆ ರೆಂಬ್ರಾಂಟ್ ಹದಿಹರೆಯದ ಕೊನೆಯಲ್ಲಿ, 1624–25ರ ಸುಮಾರಿಗೆ ಮರದ ಹಲಗೆಗಳ ಮೇಲೆ ಬಿಡಿಸಿದ ಪಂಚೇಂದ್ರಿಯ ಸರಣಿಯೇ ಸಾಕ್ಷಿ. ಕನ್ನಡಕ ಮಾರುವವನು ನೋಟ, ಮೂವರು ಗಾಯಕರು ಶ್ರವಣ, ತಲೆ ಕೊಯ್ದು, ಹುಚ್ಚಿಗೆ ಮೂಲವೆಂದು ನಂಬಿಸಿದ ‘ಕಲ್ಲು’ ತೆಗೆಯುವ ನಕಲಿ ವೈದ್ಯ ಸ್ಪರ್ಶ. ಇಂದ್ರಿಯಸುಖವನ್ನು ಹೊಗಳುವ ಬದಲು ಹುಡುಗ ನೋವನ್ನೇ ಆರಿಸಿಕೊಂಡಿದ್ದು ನನಗೆ ಬಹಳ ಇಷ್ಟ. ನಾಲ್ಕನೆಯದು, ಅಂದರೆ ಘ್ರಾಣ, 2015ರಲ್ಲಿ ನ್ಯೂಜೆರ್ಸಿಯ ಹರಾಜಿಗೆ ಬಂತು: ಮೂರ್ಛೆ ಹೋದ ಯುವಕ, ಅವನ ಮೂಗಿಗೆ ಕರವಸ್ತ್ರ ಹಿಡಿದ ಮುದುಕಿ. 19ನೇ ಶತಮಾನದ ಯಾರದೋ ಕೃತಿ ಎಂದು ಅಂದಾಜು ಬೆಲೆ ಕಟ್ಟಿದ್ದು 500ರಿಂದ 800 ಡಾಲರ್; ಕೂಗು ನಿಂತಿದ್ದು 8,70,000ಕ್ಕೆ. ಒಡಹುಟ್ಟುಗಳ ನೆನಪಿದ್ದವರು ಅಲ್ಲಿದ್ದರು ಎಂದಾಯಿತು. ನಂತರದ ಕಾಲದಲ್ಲಿ ಯಾರೋ ಸುತ್ತಲೂ ಹಲಗೆ ಸೇರಿಸಿ ಅದನ್ನು ಹಿಗ್ಗಿಸಿದ್ದರು. ಹಳೆಯ ವಾರ್ನಿಷ್ ತೆಗೆದಾಗ ಹಿನ್ನೆಲೆಯಲ್ಲಿ, ಮೇಲ್ತುದಿಗೆ, ‘ಆರ್‌ಎಚ್‌ಎಫ್’ (ರೆಂಬ್ರಾಂಟ್ ಹಾರ್ಮೆನ್ಸ್‌ಜೋನ್ ಬಿಡಿಸಿದ್ದು) ಎಂಬ ಸಹಿ ಕಂಡಿತು. ರುಚಿಯ ಚಿತ್ರ ಇನ್ನೂ ನಾಪತ್ತೆ.

ಹಾಗೆಂದು ಡಚ್ಚರ ಪ್ರತಿ ಕುಡುಕನೂ ರುಚಿಯ ರೂಪಕವಲ್ಲ. ಈ ವಿಷಯದಲ್ಲಿ ನನ್ನ ವಿದ್ಯಾರ್ಥಿಗಳ ಉತ್ಸಾಹಕ್ಕೆ ಕಡಿವಾಣ ಹಾಕಬೇಕಾಗುತ್ತದೆ. ಒಂದೇ ಸರಣಿಯವು ಎನ್ನಬೇಕಾದರೆ ಮೊದಲು ಹಲಗೆಯ ಅಳತೆ ತಾಳೆಯಾಗಲಿ, ಆಕೃತಿಗಳ ಗಾತ್ರ, ಬೆಳಕು, ಬಣ್ಣ ಹೊಂದಲಿ. ಅರ್ಥದ ಮಾತು ಆಮೇಲೆ.