13 ಪಂದ್ಯ, 13 ಸೋಲು: ವೆಸ್ಟ್ ಪಾಯಿಂಟ್ ತಂಡ ಸೋತಿದ್ದು ಎಲ್ಲಿ?

2003ರ ಡಿಸೆಂಬರ್ 6, ಫಿಲಡೆಲ್ಫಿಯಾ. ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಆರ್ಮಿ ತಂಡ ನೌಕಾ ಅಕಾಡೆಮಿಗೆ 34-6ರಿಂದ ಸೋತಿತು. ಆ ಸೀಸನ್ನಿನ ಹದಿಮೂರನೇ ಪಂದ್ಯ ಅದು, ಹದಿಮೂರನೇ ಸೋಲೂ ಹೌದು. ಅಲ್ಲಿನ ಮೇಲ್ದರ್ಜೆಯ ಕಾಲೇಜು ಫುಟ್‌ಬಾಲ್‌ನಲ್ಲಿ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್ ಇದು) ಅಷ್ಟು ಆಡಿ ಒಂದನ್ನೂ ಗೆಲ್ಲದ ತಂಡ ಅದಕ್ಕೂ ಮೊದಲು ಇರಲಿಲ್ಲ.

ಈ ಎರಡು ಅಕಾಡೆಮಿಗಳ ಪಂದ್ಯ ಮುಗಿದ ಮೇಲೆ ಒಂದು ಪದ್ಧತಿ ಇದೆ. ಎರಡೂ ತಂಡದವರು ಒಟ್ಟಿಗೆ ನಡೆದು, ಮೊದಲು ಸೋತವರ ಕೆಡೆಟ್‌ಗಳ, ಅಂದರೆ ಅಕಾಡೆಮಿ ವಿದ್ಯಾರ್ಥಿಗಳ, ಮುಂದೆ ನಿಲ್ಲುತ್ತಾರೆ. ಅವರ ಅಕಾಡೆಮಿ ಗೀತೆ ಮೊದಲು, ಗೆದ್ದವರದ್ದು ಆಮೇಲೆ. ಎರಡನೆಯದಾಗಿ ಹಾಡಬೇಕು ಅನ್ನೋದೇ ಇಬ್ಬರ ಆಸೆ. ಆರ್ಮಿ ಹುಡುಗರು ಅವತ್ತು ಮೊದಲು ಹಾಡಿದರು. 2002ರಿಂದ 2015ರವರೆಗೆ, ಸತತ 14 ವರ್ಷ, ಅವರದ್ದೇ ಮೊದಲ ಸರದಿ.

ಇದೇ ತಂಡ ಒಂದು ಕಾಲದಲ್ಲಿ ದೇಶಕ್ಕೇ ಮೊದಲು. ರೆಡ್ ಬ್ಲೇಕ್ ಕೋಚ್ ಆಗಿದ್ದಾಗ 1944, 1945ರಲ್ಲಿ ರಾಷ್ಟ್ರೀಯ ಚಾಂಪಿಯನ್. ಯುದ್ಧದಿಂದಾಗಿ ಬೇರೆ ಕಾಲೇಜುಗಳಲ್ಲಿ ಆಟಗಾರರೇ ಇಲ್ಲದಿದ್ದಾಗ, ಒಳ್ಳೆಯ ಆಟಗಾರರು ವೆಸ್ಟ್ ಪಾಯಿಂಟ್‌ಗೆ ಬಂದರು. 1951ರಲ್ಲಿ ಪರೀಕ್ಷೆಯ ನಕಲು ಹಗರಣದಲ್ಲಿ 90 ಕೆಡೆಟ್‌ಗಳು ಹೊರಹೋಗಬೇಕಾಯಿತು. ಅವರಲ್ಲಿ ಹಲವರು ಫುಟ್‌ಬಾಲ್ ಆಟಗಾರರು, ಬ್ಲೇಕ್ ಅವರ ಮಗನೂ ಇದ್ದ. ಬ್ಲೇಕ್ ತಂಡವನ್ನು ಮತ್ತೆ ಕಟ್ಟಿದರು. ಆದರೆ ಮುಂದೆ ವೃತ್ತಿಪರ ಫುಟ್‌ಬಾಲ್‌ಗೆ ದುಡ್ಡು ಹರಿದುಬಂತು. ಓದು ಮುಗಿಸಿ ಐದು ವರ್ಷ ಸೇನೆಯಲ್ಲಿ ದುಡಿಯಬೇಕು ಅಂದರೆ, ದೊಡ್ಡ ಕನಸಿನ ಆಟಗಾರ ಯಾಕೆ ಬರುತ್ತಾನೆ? ವಿಯೆಟ್ನಾಂ ಯುದ್ಧದ ಕೊನೆಯ ಹೊತ್ತಿಗೆ, 1973ರಲ್ಲಿ, ತಂಡ ಹತ್ತಕ್ಕೆ ಹತ್ತೂ ಸೋತಿತು.

ಇನ್ನೊಂದು ತೊಡಕು ದೇಹದ್ದು. ಈ ಆಟದಲ್ಲಿ ಮುಂಚೂಣಿಯಲ್ಲಿ ನಿಂತು ಎದುರಾಳಿಯನ್ನು ತಳ್ಳುವವರು ದೈತ್ಯರಂತಿರಬೇಕು. ಆದರೆ ಸೇನೆಗೆ ತೂಕದ ಮಿತಿ ಇದೆ. ಬೇರೆ ಕಾಲೇಜುಗಳಷ್ಟು ಭಾರಿ ಆಳುಗಳು ಇವರಿಗೆ ಸಿಗುವುದು ಕಷ್ಟ.

ಅದಕ್ಕೆ 1984ರಲ್ಲಿ ಕೋಚ್ ಜಿಮ್ ಯಂಗ್ ಒಂದು ದಾರಿ ಹಿಡಿದರು, ಆಪ್ಷನ್ ಆಟ. ಎದುರಾಳಿಯ ಒಬ್ಬನನ್ನು ಬೇಕಂತಲೇ ಯಾರೂ ತಡೆಯುವುದಿಲ್ಲ. ತಂಡದ ದಾಳಿಯನ್ನು ನಡೆಸುವ ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದು ಅವನನ್ನೇ ನೋಡುತ್ತಾನೆ. ಅವನು ಒಳಕ್ಕೆ ನುಗ್ಗಿದರೆ ಚೆಂಡು ಇಟ್ಟುಕೊಂಡು ಹೊರಕ್ಕೆ ಓಡುತ್ತಾನೆ, ಹೊರಗೇ ನಿಂತರೆ ಪಕ್ಕದವನ ಹೊಟ್ಟೆಗೆ ಚೆಂಡು ಒತ್ತಿ ಕೊಡುತ್ತಾನೆ. ಇಲ್ಲಿ ತೂಕಕ್ಕಿಂತ ಶಿಸ್ತು, ಕ್ಷಣಾರ್ಧದ ತೀರ್ಮಾನ ಮುಖ್ಯ. ಕೆಡೆಟ್‌ಗಳಿಗೆ ಹೇಳಿ ಮಾಡಿಸಿದ ಆಟ ಅಲ್ವಾ? ಬಾಬ್ ಸಟನ್ ಕೋಚ್ ಆಗಿದ್ದಾಗ 1996ರಲ್ಲಿ ತಂಡ ಹತ್ತು ಪಂದ್ಯ ಗೆದ್ದಿತ್ತು.

ಆಮೇಲಿನ ಎರಡು ತೀರ್ಮಾನಗಳೇ ತಂಡವನ್ನು ಮುಳುಗಿಸಿದವು ಅಂತ ನನಗೆ ಅನ್ನಿಸುತ್ತದೆ. 1998ರಲ್ಲಿ ಆರ್ಮಿ ತಂಡ ಕಾನ್ಫರೆನ್ಸ್ ಯುಎಸ್‌ಎ ಎಂಬ ಕಾಲೇಜು ತಂಡಗಳ ಕೂಟ ಸೇರಿತು. ಎದುರಾಳಿಗಳನ್ನು ತಾನೇ ಆರಿಸಿಕೊಳ್ಳುವ ಅವಕಾಶ ಕಡಿಮೆಯಾಯಿತು. 1999ರ ಸೀಸನ್ ಮುಗಿದಾಗ ಸಟನ್ ಅವರನ್ನು ತೆಗೆದು, ಟಾಡ್ ಬೆರಿ ಅವರನ್ನು ತಂದರು. ಅವರು ಆಪ್ಷನ್ ಬಿಟ್ಟು ಪಾಸ್ ಎಸೆಯುವ ಆಟಕ್ಕೆ ಹೊರಳಿದರು. ಅಂಥ ಆಟಕ್ಕೆ ಬೇಕಾದ ಆಳುಗಳೇ ಅಲ್ಲಿರಲಿಲ್ಲ. ನಾಲ್ಕು ಸೀಸನ್ನಿನಲ್ಲಿ 5 ಗೆಲುವು, 35 ಸೋಲು. 2003ರಲ್ಲಿ ಮೊದಲ ಆರು ಪಂದ್ಯ ಸೋತಾಗ ಅವರನ್ನೂ ತೆಗೆದರು. ಹಂಗಾಮಿ ಕೋಚ್ ಜಾನ್ ಮಮ್‌ಫರ್ಡ್ ಕೈಗೆ ಬಂದ ಉಳಿದ ಏಳೂ ಸೋಲೇ.

ಆ ಹುಡುಗರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಇರಾಕ್ ಯುದ್ಧ ಶುರುವಾಗಿತ್ತು. ಓದು ಮುಗಿದರೆ ಎಲ್ಲಿಗೆ ಹೋಗಬೇಕಾಗಬಹುದು ಅಂತ ಗೊತ್ತಿದ್ದೂ ಪ್ರತಿ ವಾರ ಮೈದಾನಕ್ಕಿಳಿದರು.

2004ರ ಸೀಸನ್ ಮುಗಿದ ಮೇಲೆ ತಂಡ ಕಾನ್ಫರೆನ್ಸ್ ಬಿಟ್ಟಿತು. ಆಪ್ಷನ್ ಆಟ ಮುಂದೆ ಮರಳಿ ಬಂತು. 2014ರಲ್ಲಿ ಜೆಫ್ ಮಂಕನ್ ಕೋಚ್ ಆದರು. 2016ರ ಡಿಸೆಂಬರ್‌ನಲ್ಲಿ ಬಾಲ್ಟಿಮೋರ್‌ನಲ್ಲಿ ನೌಕಾ ಅಕಾಡೆಮಿಯನ್ನು 21-17ರಿಂದ ಸೋಲಿಸಿದರು. ಬೂದುಬಣ್ಣದ ಕೋಟಿನ ಕೆಡೆಟ್‌ಗಳು ಗ್ಯಾಲರಿಯಿಂದ ಮೈದಾನಕ್ಕೆ ನುಗ್ಗಿದರು. ಅವತ್ತು ಆರ್ಮಿಯ ಹಾಡು ಎರಡನೆಯದು.