ಮನೆಯಲ್ಲೇ ಬೈಕಿನ ಆಯಿಲ್ ಬದಲಿಸುವಾಗ ಡ್ರೈನ್ ಬೋಲ್ಟ್ ಜೋಪಾನ

ಸ್ಪ್ಲೆಂಡರ್‌ನಂಥ 100 ಸಿಸಿ ಬೈಕಿನ ಎಂಜಿನ್ ಆಯಿಲ್ ಬದಲಿಸಲು 17 ನಂಬರಿನ ರಿಂಗ್ ಸ್ಪ್ಯಾನರ್, ಹಳೆಯ ಬೇಸಿನ್, ಲಾಳಿಕೆ, ಹೊಸ ವಾಷರ್, ಒಂದಿಷ್ಟು ವೇಸ್ಟ್ ಬಟ್ಟೆ ಇದ್ದರೆ ಸಾಕು. ಅರ್ಧ ಗಂಟೆಯ ಕೆಲಸ. ಕೆಡುವುದು ಹೆಚ್ಚಾಗಿ ಡ್ರೈನ್ ಬೋಲ್ಟಿನ, ಅಂದರೆ ಆಯಿಲ್ ಬಸಿಯಲು ಎಂಜಿನ್ ತಳದಲ್ಲಿರುವ ಬೋಲ್ಟಿನ ಹತ್ತಿರ. ಬೋಲ್ಟ್ ಉಕ್ಕಿನದು, ಅದು ಕೂರುವ ಎಂಜಿನ್ ಕೇಸ್ ಅಲ್ಯೂಮಿನಿಯಂನದು. ಬಲ ಹೆಚ್ಚಾದರೆ ಥ್ರೆಡ್ ಹೋಗುವುದು ಕೇಸಿನದೇ.

ಮೊದಲು ಆಯಿಲ್ ವಿಚಾರ. ಗೇರ್ ಬೈಕಿನಲ್ಲಿ ಎಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಆದ್ದರಿಂದ ಡಬ್ಬದ ಮೇಲೆ 10ಡಬ್ಲ್ಯೂ-30 ಎಂಬ ಗ್ರೇಡ್ (ಆಯಿಲ್ ಎಷ್ಟು ಮಂದ ಎಂಬುದರ ಗುರುತು) ಜೊತೆ ಜಾಸೊ ಎಂಎ (JASO MA) ಎಂದೂ ಇರಬೇಕು. ಆಯಿಲ್‌ನಲ್ಲೇ ಮುಳುಗಿರುವ ಕ್ಲಚ್‌ಗೆ ಹೊಂದುತ್ತದೆ ಎಂಬ ಜಪಾನಿ ಗುರುತು ಅದು. ಕಾರಿನ ಆಯಿಲ್‌ನಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕಗಳು ಇರಬಹುದು. ಅಂಥದ್ದನ್ನು ಹಾಕಿದರೆ ಕ್ಲಚ್ ಪ್ಲೇಟ್ ಜಾರಿ, ರೇಸ್ ಕೊಟ್ಟರೆ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಸ್ಕೂಟರಿಗೆಂದು ಬರುವ ಜಾಸೊ ಎಂಬಿ ಗುರುತಿನ ಆಯಿಲ್ ಕೂಡ ಗೇರ್ ಬೈಕಿಗೆ ಬೇಡ.

ಎಂಜಿನನ್ನು ಮೂರು-ನಾಲ್ಕು ನಿಮಿಷ ಓಡಿಸಿ ಆಫ್ ಮಾಡಿ. ಬಿಸಿಯಾದ ಆಯಿಲ್ ತೆಳುವಾಗಿ, ತಳದ ಕೊಳೆಯನ್ನೂ ಹೊತ್ತು ಇಳಿಯುತ್ತದೆ. ಆದರೆ ಲಾಂಗ್ ರೈಡ್ ಮುಗಿಸಿದ ಕೂಡಲೇ ಬಿಚ್ಚಬೇಡಿ, ಕೈ ಸುಡುತ್ತದೆ. ಸಮತಟ್ಟು ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ, ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ತೆಗೆಯಿರಿ. ಗಾಳಿ ಒಳಹೋದರೆ ಆಯಿಲ್ ಸರಾಗವಾಗಿ ಬಸಿಯುತ್ತದೆ.

ಬೋಲ್ಟಿನ ತಲೆ ನೆಲದ ಕಡೆಗಿದೆ ಎಂಬುದನ್ನು ಮರೆಯಬೇಡಿ. ಕೆಳಗಿನಿಂದ ನೋಡಿದಾಗ ಎಡಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆ. ಮೇಲಿನಿಂದ ಬಗ್ಗಿ ನೋಡುವವರಿಗೆ ಇದು ಉಲ್ಟಾ ಕಾಣುತ್ತದೆ. ಬಿಚ್ಚುತ್ತಿದ್ದೇನೆ ಎಂದುಕೊಂಡು ಬಿಗಿಯುತ್ತಲೇ ಹೋಗಿ ಥ್ರೆಡ್ ಕಳೆಯುವವರು ಇಂಥವರೇ.

ಹತ್ತು ನಿಮಿಷ ಬಸಿಯಲು ಬಿಡಿ. ಇಗ್ನಿಷನ್ ಆಫ್ ಇರುವಂತೆಯೇ ಎರಡು ಸಲ ಕಿಕ್ಕರ್ ಒತ್ತಿದರೆ ಉಳಿದದ್ದೂ ಇಳಿಯುತ್ತದೆ. ಹಳೆಯ ಆಯಿಲ್ ಕಪ್ಪಗಿರುವುದು ಸಹಜ, ಕೊಳೆಯನ್ನು ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಹಾಲು ಬೆರೆಸಿದ ಕಾಫಿಯಂತಿದ್ದರೆ ಮಾತ್ರ ನೀರು ಸೇರಿದೆ: ಮಳೆಗಾಲದಲ್ಲಿ ನಿಂತ ನೀರಿಗಿಳಿದ ಗಾಡಿ, ಅಥವಾ ಎಂಜಿನ್ ಬಿಸಿಯಾಗುವ ಮುನ್ನವೇ ನಿಲ್ಲಿಸುವಷ್ಟು ಹತ್ತಿರದ ಓಡಾಟ. ನುಣ್ಣನೆಯ ಬೂದು ಪುಡಿ ಅಲ್ಪಸ್ವಲ್ಪ ಇದ್ದರೆ ಚಿಂತೆಯಿಲ್ಲ. ಉಗುರಿಗೆ ಸಿಗುವಂಥ ಲೋಹದ ಚೂರು ಸಿಕ್ಕರೆ ಮೆಕ್ಯಾನಿಕ್‌ಗೆ ತೋರಿಸಿ.

ಹೊಸ ವಾಷರ್ ಹಾಕಿ, ಬೋಲ್ಟನ್ನು ಮೊದಲು ಬೆರಳಿನಿಂದಲೇ ಮೂರು-ನಾಲ್ಕು ಸುತ್ತು ತಿರುಗಿಸಿ. ಬೆರಳಿಗೆ ಬಾರದಿದ್ದರೆ ಅಡ್ಡ ಕೂತಿದೆ ಎಂದರ್ಥ, ಬಿಚ್ಚಿ ಮತ್ತೆ ಕೂರಿಸಿ. ಕೊನೆಯ ಬಿಗಿತ ಸುಮಾರು 25 ನ್ಯೂಟನ್ ಮೀಟರ್. ಬಿಗಿತ ಅಳೆಯುವ ಟಾರ್ಕ್ ರೆಂಚ್ ಇಲ್ಲದಿದ್ದರೆ ಸ್ಪ್ಯಾನರನ್ನು ಅರ್ಧದಲ್ಲಿ ಹಿಡಿದು ಒಂದೇ ಕೈಯಲ್ಲಿ ಬಿಗಿಮಾಡಿ. ಪೈಪ್ ಸಿಕ್ಕಿಸಿ ಎಳೆಯುವುದಂತೂ ಬೇಡವೇ ಬೇಡ. ಥ್ರೆಡ್ ಹೋದರೆ ಹೆಲಿಕಾಯಿಲ್ (ಹೊಸ ಥ್ರೆಡ್ ಆಗುವ ತಂತಿ ಸುರುಳಿ) ಕೂರಿಸಲು ಲೇತ್ ಅಂಗಡಿ ಹುಡುಕಬೇಕಾಗುತ್ತದೆ. ಎಂಸೀಲ್ ಮೆತ್ತಿದರೆ ಮುಂದಿನ ಸಲ ತೆಗೆಯುವುದು ಹೇಗೆ?

ಆಯಿಲ್ ಅಳತೆ ಮಾದರಿಯಿಂದ ಮಾದರಿಗೆ ಬೇರೆ, ಗಾಡಿಯ ಕೈಪಿಡಿ ನೋಡಿ. ಈ ವರ್ಗದ ಬೈಕುಗಳು ಸಾಮಾನ್ಯವಾಗಿ ಒಂದು ಲೀಟರಿಗಿಂತ ಕಡಿಮೆ ಕೇಳುತ್ತವೆ. ಲೀಟರ್ ಡಬ್ಬವನ್ನು ಪೂರ್ತಿ ಸುರಿದರೆ ಹೆಚ್ಚಾದ ಆಯಿಲ್ ನೊರೆಗಟ್ಟಿ, ಎಂಜಿನ್ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪಿನಿಂದ ಏರ್ ಫಿಲ್ಟರ್ ಕಡೆಗೆ ಹೋಗುತ್ತದೆ. ಕಡಿಮೆಯಾದರೆ ಮೊದಲ ಪೆಟ್ಟು ಮೇಲಿರುವ, ವಾಲ್ವ್ ತೆರೆಯುವ ಕ್ಯಾಮ್ ಮತ್ತು ರಾಕರ್‌ಗೆ. ಟಕಟಕ ಎಂಬ ಟ್ಯಾಪೆಟ್ ಸದ್ದು ಶುರುವಾಗುತ್ತದೆ. ಸ್ವಲ್ಪ ಉಳಿಸಿಕೊಂಡು ತುಂಬಿ, ಎರಡು-ಮೂರು ನಿಮಿಷ ಐಡ್ಲಿಂಗ್‌ನಲ್ಲಿ ಓಡಿಸಿ ನಿಲ್ಲಿಸಿ, ಆಯಿಲ್ ಕೆಳಗಿಳಿಯಲು ಮತ್ತೆರಡು ನಿಮಿಷ ಕೊಟ್ಟು ನೋಡಿ. ಸ್ಪ್ಲೆಂಡರ್‌ನಲ್ಲಿ ಡಿಪ್‌ಸ್ಟಿಕ್ಕನ್ನು ತಿರುಗಿಸಿ ಬಿಗಿಯದೆ, ಸುಮ್ಮನೆ ಒಳಗಿಟ್ಟು ಅಳೆಯಬೇಕು. ಎರಡು ಗೆರೆಗಳ ನಡುವೆ, ಮೇಲಿನ ಗೆರೆಗೆ ಹತ್ತಿರವಿದ್ದರೆ ಸರಿ.

ಬಸಿದ ಆಯಿಲನ್ನು ಗೆದ್ದಲಿಗೆಂದು ಬೇಲಿ ಕಂಬಕ್ಕೆ ಬಳಿಯುವ, ಮೋರಿಗೆ ಸುರಿಯುವ ರೂಢಿ ಇನ್ನೂ ಇದೆ. ಕೇಂದ್ರ ಸರ್ಕಾರದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಮಣ್ಣಿಗಿಳಿದರೆ ಬಾವಿ ನೀರಿಗೂ ಸೇರಬಹುದು. ಕ್ಯಾನಿನಲ್ಲಿ ತುಂಬಿ, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಖಾಲಿ ಡಬ್ಬವನ್ನು ಕತ್ತರಿಸಿಯೇ ಎಸೆಯಿರಿ, ಇಲ್ಲದಿದ್ದರೆ ಅದೇ ಡಬ್ಬ ನಕಲಿ ಆಯಿಲ್ ತುಂಬಿಕೊಂಡು ಅಂಗಡಿಗೆ ಮರಳಬಹುದು.