ಸಿಂಗಲ್ ಕ್ಯಾಮೆರಾ ಕವರೇಜ್: ಕೆಳಹಂತದ ಫುಟ್‌ಬಾಲ್ ಪರದೆಗೆ ಬರುವ ಬಗೆ

ಇಡೀ ಪಂದ್ಯವನ್ನು ಒಂದೇ ಕ್ಯಾಮೆರಾದಿಂದ, ಒಂದೇ ಜಾಗದಲ್ಲಿ ನಿಂತು, ಮೊದಲ ಸೀಟಿಯಿಂದ ಕೊನೆಯ ಸೀಟಿಯವರೆಗೆ ಕಡಿತವಿಲ್ಲದೆ ತೋರಿಸುವುದೇ ಸಿಂಗಲ್ ಕ್ಯಾಮೆರಾ ಕವರೇಜ್. ಕೊಡಗಿನ ಸುಂಟಿಕೊಪ್ಪ, ಅಮ್ಮತ್ತಿ, ಸಿದ್ದಾಪುರದಂಥ ಫುಟ್‌ಬಾಲ್ ಹುಚ್ಚಿನ ಊರುಗಳ ಪಂದ್ಯಾವಳಿಯನ್ನು ಸ್ಥಳೀಯ ಕೇಬಲ್ ಚಾನೆಲ್‌ನಲ್ಲೋ ಯೂಟ್ಯೂಬಿನಲ್ಲೋ ನೋಡಿದವರಿಗೆ ಇದು ಪರಿಚಿತ. ಕ್ಲೋಸಪ್ ಇಲ್ಲ, ಗೋಲಿನ ಹಿಂದಿನ ನೋಟವಿಲ್ಲ, ರೀಪ್ಲೇ ಬಂದರೂ ಅದೇ ಕೋನದಿಂದ.

ಇದನ್ನು ಬಡವರ ಪ್ರಸಾರ ಎಂದು ತಳ್ಳಿಹಾಕುವುದು ತಪ್ಪು. 40ಕ್ಕಿಂತ ಹೆಚ್ಚು ಕ್ಯಾಮೆರಾ ಬಳಸಿದ 2022ರ ವಿಶ್ವಕಪ್ ಪಂದ್ಯಗಳಲ್ಲೂ ಆಟ ನಡೆಯುತ್ತಿರುವಾಗ ನಾವು ಹೆಚ್ಚು ಹೊತ್ತು ನೋಡಿದ್ದು ಸೆಂಟರ್ ಲೈನಿನ ನೇರಕ್ಕೆ ಎತ್ತರದಲ್ಲಿದ್ದ ಮುಖ್ಯ ಕ್ಯಾಮೆರಾದ ಚಿತ್ರವನ್ನೇ. ಉಳಿದವು ಮುಖ, ಮರುನೋಟ, ಕೋಚ್, ಪ್ರೇಕ್ಷಕರಿಗಾಗಿ. ಅವನ್ನೆಲ್ಲ ತೆಗೆದರೂ ಆಟ ಉಳಿಯುತ್ತದೆ, ಮುಖ್ಯ ಕ್ಯಾಮೆರಾ ತೆಗೆದರೆ ಆಟವೇ ಅರ್ಥವಾಗುವುದಿಲ್ಲ. ಆದ್ದರಿಂದ ಒಂದೇ ಕ್ಯಾಮೆರಾ ಇರುವವರು ಕೇಳಿಕೊಳ್ಳಬೇಕಾದ್ದು ‘ಏನಿಲ್ಲ’ ಎಂದಲ್ಲ, ‘ಮುಖ್ಯ ಕ್ಯಾಮೆರಾದ ಕೆಲಸ ಸರಿಯಾಗಿ ಆಗುತ್ತಿದೆಯೇ’ ಎಂದು.

ಭಾರತದಲ್ಲಿ 2024–25ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕೆಳಗೆ ಐ-ಲೀಗ್, ಅದರ ಕೆಳಗೆ ಐ-ಲೀಗ್ 2, ಐ-ಲೀಗ್ 3, ಮತ್ತೆ ರಾಜ್ಯ ಲೀಗ್‌ಗಳು ಇದ್ದವು. ಒಂದೊಂದು ಮೆಟ್ಟಿಲು ಇಳಿದಂತೆ ಕ್ಯಾಮೆರಾಗಳೂ ಕಡಿಮೆಯಾಗುತ್ತವೆ. 2018–19ರ ಐ-ಲೀಗ್‌ನಲ್ಲಂತೂ ಲೀಗ್ ನಡುವೆಯೇ ಹಲವು ಪಂದ್ಯಗಳ ನೇರ ಪ್ರಸಾರ ಕೈಬಿಟ್ಟುಹೋಗಿತ್ತು. ದೊಡ್ಡ ವಾಹಿನಿಗೆ ಲೆಕ್ಕ ಕೂಡಿಬರದ ಕಡೆ ಒಂದೇ ಕ್ಯಾಮೆರಾ ಆಟವನ್ನು ಉಳಿಸುತ್ತದೆ. ಜಿಲ್ಲಾ ಮಟ್ಟದ ಆಟಗಾರನಿಗೆ ತನ್ನ ಆಟವನ್ನು ದೂರದ ಕೋಚ್‌ಗೆ ತೋರಿಸಲು ಇರುವ ದಾಖಲೆಯೂ ಬಹಳ ಸಲ ಇದೊಂದೇ.

ಕ್ಯಾಮೆರಾ ಎಲ್ಲಿ ನಿಲ್ಲುತ್ತದೆ ಎಂಬುದರಲ್ಲೇ ಅರ್ಧ ಕೆಲಸ ಮುಗಿದಿರುತ್ತದೆ. ಸೆಂಟರ್ ಲೈನಿನ ನೇರಕ್ಕೆ ಇರಬೇಕು, ಸೂರ್ಯ ಬೆನ್ನಿಗಿರಬೇಕು, ಎತ್ತರ ಬೇಕು. ಇವುಗಳಲ್ಲಿ ಎತ್ತರವನ್ನೇ ಜನ ಹೆಚ್ಚು ಕಡೆಗಣಿಸುವುದು. ಪೂರ್ಣ ಅಳತೆಯ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ ಇರುತ್ತದೆ. ಹತ್ತಿರದ ಟಚ್‌ಲೈನಿನಿಂದ (ಮೈದಾನದ ಉದ್ದದ ಬದಿಯ ಗೆರೆ) 10 ಮೀಟರ್ ಹಿಂದೆ, ನೆಲದಿಂದ 2 ಮೀಟರ್ ಎತ್ತರದಲ್ಲಿ ಕ್ಯಾಮೆರಾ ಇಟ್ಟರೆ ಆಚೆಯ ಟಚ್‌ಲೈನ್ 78 ಮೀಟರ್ ದೂರ. ಅಲ್ಲಿಗೆ ನೋಟ ಬಾಗುವುದು ಬರೀ ಒಂದೂವರೆ ಡಿಗ್ರಿ. ಆಟಗಾರರೆಲ್ಲ ಒಬ್ಬರ ಹಿಂದೊಬ್ಬರು ಅಂಟಿಕೊಂಡಂತೆ ಕಾಣುತ್ತಾರೆ, ಪಾಸ್ ಯಾರಿಗೆ ಹೋಯಿತು ಎಂದು ತಿಳಿಯುವುದಿಲ್ಲ. ಅದೇ ಕ್ಯಾಮೆರಾವನ್ನು 8 ಮೀಟರ್ ಎತ್ತರಕ್ಕೆ ಒಯ್ದರೆ ಕೋನ 6 ಡಿಗ್ರಿಯಷ್ಟಾಗುತ್ತದೆ, ಆಟಗಾರರ ನಡುವಿನ ಹಸಿರು ಕಾಣತೊಡಗುತ್ತದೆ. ಫುಟ್‌ಬಾಲ್ ನೋಡುವುದೆಂದರೆ ಆ ಖಾಲಿ ಜಾಗವನ್ನು ನೋಡುವುದೇ ತಾನೆ?

ಹಿಂದೆ ಸರಿಯುವುದರಿಂದಲೂ ಲಾಭವಿದೆ. ಟಚ್‌ಲೈನಿನಿಂದ 10 ಮೀಟರ್ ಹಿಂದಿದ್ದರೆ ಒಂದು ಹತ್ತಿರದ ಕಾರ್ನರ್‌ನಿಂದ ಇನ್ನೊಂದಕ್ಕೆ ಕ್ಯಾಮೆರಾ ಸುಮಾರು 158 ಡಿಗ್ರಿ ತಿರುಗಬೇಕು. 30 ಮೀಟರ್ ಹಿಂದಿದ್ದರೆ 120 ಡಿಗ್ರಿ ಸಾಕು. ತಿರುಗುವುದು ಕಡಿಮೆಯಾದಷ್ಟೂ ಚಿತ್ರ ಸ್ಥಿರ, ನೋಡುವವರಿಗೆ ತಲೆ ಸುತ್ತುವುದಿಲ್ಲ.

ಈ ವಿಷಯದಲ್ಲಿ ಕೊಡಗಿನ ನೆಲವೇ ನಮಗೆ ಒದಗಿಬರುತ್ತದೆ. ಇಲ್ಲಿನ ಎಷ್ಟೋ ಮೈದಾನಗಳು ಗುಡ್ಡ ಕಡಿದು ಮಟ್ಟ ಮಾಡಿದವು, ಒಂದು ಬದಿಗೆ ಬರೆ, ಅಂದರೆ ಕಡಿದುಳಿದ ಮಣ್ಣಿನ ಗೋಡೆ, ಇದ್ದೇ ಇರುತ್ತದೆ. ಬರೆಯ ಮೇಲೆ ಟ್ರೈಪಾಡ್ ಇಟ್ಟರೆ ಅಟ್ಟಣಿಗೆಯ ಖರ್ಚಿಲ್ಲದೆ ಎತ್ತರ ಸಿಗುತ್ತದೆ, ಹಿಂದೆ ಸರಿಯಲು ಜಾಗವೂ ಸಿಗುತ್ತದೆ. ಆದರೆ ಅಂಚಿಗೆ ಹೋಗಬಾರದು. ಮಳೆ ಕುಡಿದ ಬರೆ ಯಾವಾಗ ಜಾರುತ್ತದೆ ಎಂದು ಹೇಳಲಾಗದು, ಹೊಸದಾಗಿ ಕಡಿದ ಮಣ್ಣಂತೂ ಬೇಡವೇ ಬೇಡ. ಬರೆ ಪೂರ್ವಕ್ಕಿದ್ದರೆ ಇನ್ನೊಂದು ಪೇಚು: ಅಲ್ಲಿಂದ ಮಧ್ಯಾಹ್ನದ ಪಂದ್ಯ ತೆಗೆಯುವಾಗ ಇಳಿಬಿಸಿಲು ನೇರ ಲೆನ್ಸಿಗೆ ಬಡಿಯುತ್ತದೆ. ಎತ್ತರ ಬೇಕೋ ಬೆಳಕು ಬೇಕೋ? ಎದುರಿಗೆ ಗುಡ್ಡವೋ ಸಿಲ್ವರ್ ಓಕ್ ಸಾಲೋ ಇದ್ದು ಸೂರ್ಯ ಬೇಗ ಮರೆಯಾಗುವಂತಿದ್ದರೆ ಎತ್ತರವನ್ನೇ ಆರಿಸಿ, ಲೆನ್ಸಿಗೆ ಹುಡ್ ಹಾಕಿ. ಎದುರು ಬಯಲಾಗಿದ್ದರೆ ಪಶ್ಚಿಮದ ಬದಿಗೆ ಹೋಗಿ ಅಟ್ಟಣಿಗೆ ಕಟ್ಟುವುದೇ ಮೇಲು. ಆಟಗಾರರೆಲ್ಲ ಕಪ್ಪು ನೆರಳಾಗಿ ಕಂಡರೆ ಜೆರ್ಸಿಯ ಬಣ್ಣವೂ ತಿಳಿಯುವುದಿಲ್ಲ.

ಅಟ್ಟಣಿಗೆಯನ್ನು ಪ್ರೇಕ್ಷಕರ ಗ್ಯಾಲರಿಗೆ ತಾಗಿಸಿ ಕಟ್ಟಬಾರದು. ಗೋಲಾದಾಗ ಜನ ಕುಣಿಯುತ್ತಾರೆ, ಜೂಮ್ ಮಾಡಿದ ಲೆನ್ಸಿನಲ್ಲಿ ಆ ಕುಲುಕು ಹಲವು ಪಟ್ಟು ದೊಡ್ಡದಾಗಿ ಕಾಣುತ್ತದೆ, ಅದೂ ಜನ ಮತ್ತೆ ಮತ್ತೆ ನೋಡಬಯಸುವ ಕ್ಷಣದಲ್ಲೇ. ಟ್ರೈಪಾಡಿನ ಫ್ಲೂಯಿಡ್ ಹೆಡ್‌ನಲ್ಲಿರುವ (ಕ್ಯಾಮೆರಾವನ್ನು ನಯವಾಗಿ ತಿರುಗಿಸುವ ಮೇಲ್ಭಾಗ) ಮಟ್ಟ ನೋಡುವ ನೀರ್ಗುಳ್ಳೆ ನಡುವಿಗೆ ಬಂದಿದೆಯೇ ಎಂದು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಎಡಕ್ಕೆ ತಿರುಗಿಸಿದಾಗ ಮೈದಾನ ಏರಿದಂತೆ, ಬಲಕ್ಕೆ ಬಂದಾಗ ಇಳಿದಂತೆ ಕಾಣುತ್ತದೆ. ಕ್ಯಾಮೆರಾ ಮುಂದೆ ಹಗ್ಗ ಕಟ್ಟಿ ಜನ ನಿಲ್ಲದಂತೆ ನೋಡಿಕೊಳ್ಳುವ ಹೊಣೆಯನ್ನು ಸಂಘಟಕರು ಒಬ್ಬರಿಗೆ ಹೆಸರು ಹೇಳಿ ವಹಿಸಬೇಕು. ಎಲ್ಲರ ಕೆಲಸ ಎಂದು ಬಿಟ್ಟರೆ ಯಾರೂ ಮಾಡುವುದಿಲ್ಲ.

ಇನ್ನು ಚೌಕಟ್ಟು. ಹೊಸದಾಗಿ ಕ್ಯಾಮೆರಾ ಹಿಡಿದವರು ಚೆಂಡನ್ನು ಬೆನ್ನಟ್ಟುತ್ತಾರೆ. ಚೆಂಡು ತೆರೆಯ ನಡುವೆ ದೊಡ್ಡದಾಗಿ ಕಾಣುತ್ತದೆ, ಆದರೆ ಅದು ಎಲ್ಲಿಗೆ ಹೋಗಬಹುದು ಎಂಬುದು ಕಾಣುವುದಿಲ್ಲ. ಉದ್ದ ಪಾಸ್ ಬಂತೆಂದರೆ ಕ್ಯಾಮೆರಾ ಸರ್ರನೆ ತಿರುಗಿ, ಚೆಂಡು ಕಳೆದು, ಮತ್ತೆ ಹುಡುಕುವ ಹೊತ್ತಿಗೆ ಗೋಲು ಆಗಿಹೋಗಿರುತ್ತದೆ. ಸಾಮಾನ್ಯ ಆಟದಲ್ಲಿ ಸುಮಾರು 40 ಮೀಟರ್ ಅಗಲದ ನೆಲ ಚೌಕಟ್ಟಿನಲ್ಲಿರಲಿ. ಆಗ ಆಟಗಾರನ ಎತ್ತರ ಪರದೆಯ ಎತ್ತರದಲ್ಲಿ ಹದಿಮೂರನೇ ಒಂದು ಪಾಲಿನಷ್ಟು ಬರುತ್ತದೆ, ಮೊಬೈಲಿನಲ್ಲೂ ಯಾರು ಯಾವ ತಂಡ ಎಂದು ಗುರುತು ಸಿಗುತ್ತದೆ. ಅರ್ಧ ಮೈದಾನವನ್ನೇ ತುಂಬಿಸಿಕೊಂಡರೆ ಅದು ಹದಿನೇಳನೇ ಪಾಲಿಗೆ ಇಳಿಯುತ್ತದೆ, ಮೊಬೈಲಿನವರು ನೋಡುವುದನ್ನು ಬಿಡುತ್ತಾರೆ. ಚೆಂಡು ಸಾಗುವ ದಿಕ್ಕಿಗೆ ಹೆಚ್ಚು ಜಾಗ ಬಿಡಿ, ಹಿಂದೆ ಕಡಿಮೆ ಸಾಕು. ಗೋಲ್ ಕಿಕ್‌ಗೆ ಒದೆಯುವ ಮೊದಲೇ ಅಗಲಿಸಿಕೊಳ್ಳಬೇಕು. ಕಾರ್ನರ್‌ನಲ್ಲಿ ಒದೆಯುವವನಿಗಿಂತ ಪೆನಾಲ್ಟಿ ಬಾಕ್ಸ್ ಮುಖ್ಯ. ಚೆಂಡು ಗಾಳಿಯಲ್ಲಿದ್ದಾಗ ಜೂಮ್ ಮುಟ್ಟಲೇಬಾರದು.

ಗೋಲಾದ ಕೂಡಲೇ ಸಂಭ್ರಮದ ಕಡೆ ಓಡುವುದು ಇನ್ನೊಂದು ಸಾಮಾನ್ಯ ತಪ್ಪು. ಮೊದಲು ರೆಫರಿ ಸೆಂಟರ್ ಕಡೆಗೆ ಕೈ ತೋರಿದನೇ, ಲೈನ್‌ಮನ್ ಬಾವುಟ ಎತ್ತಿದನೇ ಎಂಬುದು ಕಾಣುವಷ್ಟು ಅಗಲದಲ್ಲೇ ಎರಡು ಮೂರು ಸೆಕೆಂಡ್ ನಿಂತು, ಆಮೇಲೆ ಗೋಲು ಹೊಡೆದವನ ಬೆನ್ನಿನ ನಂಬರ್‌ಗೆ ಹೋಗಬೇಕು. ಕಾಮೆಂಟರಿಯವರಿಗೂ ಸ್ಕೋರ್ ಹಾಕುವವರಿಗೂ ಆ ನಂಬರ್ ಬೇಕು.

ಆಫ್‌ಸೈಡ್ ಜಗಳಕ್ಕೆ, ಅಂದರೆ ಪಾಸ್ ಕೊಟ್ಟ ಕ್ಷಣದಲ್ಲಿ ಮುಂದಿದ್ದವನು ಎದುರಾಳಿ ರಕ್ಷಕರ ಸಾಲು ದಾಟಿದ್ದನೇ ಎಂಬ ಜಗಳಕ್ಕೆ ಮಾತ್ರ ಸಿಂಗಲ್ ಕ್ಯಾಮೆರಾ ಸಾಕ್ಷಿಯಾಗಲಾರದು. ಕ್ಯಾಮೆರಾ ಸೆಂಟರ್ ಲೈನಿನಲ್ಲಿದೆ, ಆಟ ಬಾಕ್ಸಿನ ಹತ್ತಿರ ನಡೆಯುತ್ತಿದೆ. ನೋಟ ಓರೆಯಾಗಿ ಬೀಳುವುದರಿಂದ ಒಂದೇ ಸಾಲಿನಲ್ಲಿರುವ ಇಬ್ಬರಲ್ಲಿ ಒಬ್ಬ ಮುಂದಿದ್ದಂತೆ ಕಾಣುತ್ತಾನೆ. ಲೈನ್‌ಮನ್ ಸಾಲಿನ ನೇರಕ್ಕೇ ನಿಂತಿರುತ್ತಾನೆ, ಅವನ ಕಣ್ಣಿಗೆ ಕಾಣುವುದು ಕ್ಯಾಮೆರಾಕ್ಕೆ ಕಾಣುವುದಿಲ್ಲ. ಪಂದ್ಯ ಮುಗಿದ ಮೇಲೆ ಸ್ಕ್ರೀನ್‌ಶಾಟ್ ಹಿಡಿದು ರೆಫರಿಯನ್ನು ಹೀಯಾಳಿಸುವವರಿಗೆ ಇದನ್ನು ತಿಳಿಸಿಹೇಳಲೇಬೇಕು. ಹುಲ್ಲು ಕತ್ತರಿಸಿದ ಗೆರೆಯೋ ಬಾಕ್ಸಿನ ಗೆರೆಯೋ ಪಕ್ಕದಲ್ಲೇ ಇದ್ದರೆ ಒಂದಿಷ್ಟು ಅಂದಾಜು ಸಿಗಬಹುದು, ತೀರ್ಪಲ್ಲ.

ಕೊಡಗಿನ ಹವೆಯಲ್ಲಿ ಆಟೋ ಸೆಟ್ಟಿಂಗ್‌ಗಳನ್ನು ನಂಬುವಂತಿಲ್ಲ. ಮಂಜು ಇಳಿದಾಗ, ತುಂತುರು ಹನಿಯುವಾಗ ಆಟೋ ಫೋಕಸ್ ಆಟಗಾರರನ್ನು ಬಿಟ್ಟು ಲೆನ್ಸಿನ ಮುಂದಿನ ಹನಿಯನ್ನೋ ಬಲೆಯನ್ನೋ ಹಿಡಿದುಕೊಳ್ಳುತ್ತದೆ. ಪೂರ್ತಿ ಜೂಮ್ ಮಾಡಿ ಸೆಂಟರ್ ಸರ್ಕಲ್ ಮೇಲೆ ಫೋಕಸ್ ಕೂಡಿಸಿ, ಮ್ಯಾನ್ಯುಯಲ್‌ಗೆ ಹಾಕಿ, ಎರಡೂ ಗೋಲ್‌ಪೋಸ್ಟ್ ಸ್ಪಷ್ಟವಿದೆಯೇ ಎಂದು ನೋಡಿ ಬಿಡುವುದೇ ಸರಿ. ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಕೂಡ ಬಿಳಿ ಕಾಗದ ಹಿಡಿದು ಒಮ್ಮೆ ನಿಗದಿಮಾಡಬೇಕು, ಬೆಳಕು ಪೂರ್ತಿ ಬದಲಾದರೆ ವಿರಾಮದಲ್ಲಿ ಮತ್ತೊಮ್ಮೆ. ಅರ್ಧ ಮೈದಾನ ಬಿಸಿಲು, ಅರ್ಧ ಮರದ ನೆರಳು ಇದ್ದಾಗ ಬಿಸಿಲಿನ ಕಡೆ ಬೆಳ್ಳಗಾಗದಷ್ಟಕ್ಕೆ ಬೆಳಕು ಇಳಿಸಬೇಕು. ಕತ್ತಲಾದ ಭಾಗದಲ್ಲಿ ಏನಾದರೂ ಕಂಡೀತು, ಬೆಳ್ಳಗಾಗಿ ಹೋದದ್ದರಲ್ಲಿ ಏನೂ ಕಾಣದು. ರಾತ್ರಿ ಪಂದ್ಯಕ್ಕೆ ಶಟರ್ ವೇಗ 1/50 ಅಥವಾ 1/100 ಸೆಕೆಂಡ್ ಇರಲಿ. ನಮ್ಮ ಕರೆಂಟು 50 ಹರ್ಟ್ಸ್, ಬೇರೆ ವೇಗದಲ್ಲಿ ಫ್ಲಡ್‌ಲೈಟ್ ಮಿಣುಕಿದಂತೆ ಕಾಣಬಹುದು. ಎಸಿ ಕಾರಿನಿಂದ ತೆಗೆದ ಕ್ಯಾಮೆರಾದ ಲೆನ್ಸಿನ ಮೇಲೆ ತೇವದ ಹವೆಯಲ್ಲಿ ಆವಿ ಕೂರುತ್ತದೆ, ಹಾಗಾಗಿ ಅರ್ಧ ಗಂಟೆ ಮೊದಲೇ ಹೊರಗಿಡಬೇಕು.

ಹೆಚ್ಚು ಪ್ರಸಾರಗಳು ಕೈಕೊಡುವುದು ಕ್ಯಾಮೆರಾದಿಂದಲ್ಲ, ನೆಟ್‌ನಿಂದ. 720ಪಿ ಚಿತ್ರಕ್ಕೆ ಸುಮಾರು 4 ಎಂಬಿಪಿಎಸ್ ಬೇಕು. ಎರಡು ಗಂಟೆಗೆ 3.6 ಜಿಬಿ ಹೋಗುತ್ತದೆ. ಅಪ್‌ಲೋಡ್ ವೇಗ ಇದರ ಎರಡರಷ್ಟಾದರೂ ಇರಬೇಕು, ಯಾಕೆಂದರೆ ಅದು ಏರಿಳಿಯುತ್ತಲೇ ಇರುತ್ತದೆ. ಬೆಳಗ್ಗೆ ಖಾಲಿ ಮೈದಾನದಲ್ಲಿ ಅಳೆದ ವೇಗವನ್ನು ನಂಬಬಾರದು. ಫೈನಲ್ ದಿನ ಸಾವಿರಾರು ಮೊಬೈಲ್‌ಗಳು ಅದೇ ಟವರಿಗೆ ಜೋತುಬಿದ್ದಾಗ ಅಪ್‌ಲೋಡ್ ಕುಸಿಯುತ್ತದೆ, ಅದೂ ಸಾಲದೆ ಗುಡುಗು ಮಳೆಗೆ ಕರೆಂಟು ಹೋದರೆ ಟವರೇ ಮಲಗಬಹುದು. ಹತ್ತಿರದ ಅಂಗಡಿಯಿಂದಲೋ ಮನೆಯಿಂದಲೋ ಫೈಬರ್ ಸಂಪರ್ಕ ಎಳೆಯಲು ಸಾಧ್ಯವಾದರೆ ಅದೇ ಉತ್ತಮ. ಇಲ್ಲದಿದ್ದರೆ ಬೇರೆ ಬೇರೆ ಕಂಪನಿಯ ಎರಡು ಸಿಮ್ ಇಟ್ಟುಕೊಳ್ಳಿ. 1080ಪಿ ಆಸೆಗೆ ಬಿದ್ದು ಚಿತ್ರ ನಿಂತು ನಿಂತು ಬರುವುದಕ್ಕಿಂತ ನಿಲ್ಲದ 720ಪಿ ಸಾವಿರ ಪಾಲು ವಾಸಿ. ನೆಟ್ ಏನೇ ಆಗಲಿ, ಕ್ಯಾಮೆರಾದ ಕಾರ್ಡಿನಲ್ಲಿ ರೆಕಾರ್ಡಿಂಗ್ ನಡೆಯುತ್ತಲೇ ಇರಬೇಕು. ಲೈವ್ ಹೋದರೂ ಪಂದ್ಯ ಉಳಿಯುತ್ತದೆ. ಬರೆಯ ಮೇಲಿನ ಕ್ಯಾಮೆರಾದಿಂದ ಕೆಳಗಿನ ಟೇಬಲ್ಲಿಗೆ ಕೇಬಲ್ ಎಳೆಯುವುದಾದರೆ ಎಚ್‌ಡಿಎಂಐ 10–15 ಮೀಟರ್ ದಾಟಿದರೆ ಕೈಕೊಡತೊಡಗುತ್ತದೆ, ಎಸ್‌ಡಿಐ (ಪ್ರಸಾರದವರು ಬಳಸುವ ವಿಡಿಯೊ ಸಂಪರ್ಕ) ಒಳ್ಳೆಯ ಕೇಬಲ್ ಇದ್ದರೆ 100 ಮೀಟರ್‌ವರೆಗೂ ನಡೆಯುತ್ತದೆ. ಲ್ಯಾಪ್‌ಟಾಪಿಗೂ ರೂಟರಿಗೂ ಯುಪಿಎಸ್ ಇರಲೇಬೇಕು. ಜನರೇಟರ್ ಶುರುವಾಗುವ ಹತ್ತು ಸೆಕೆಂಡಿನಲ್ಲಿ ಸ್ಟ್ರೀಮ್ ಕಡಿದುಹೋಗುತ್ತದೆ.

ಧ್ವನಿಗೆ ಎರಡು ಮೈಕ್ ಸಾಕು. ಒಂದು ಕಾಮೆಂಟರಿಯವರ ಬಾಯಿಯ ಹತ್ತಿರ, ಇನ್ನೊಂದು ಗಾಳಿತಡೆ ಹಾಕಿ ಟಚ್‌ಲೈನಿನ ಬಳಿ, ಮೈದಾನಕ್ಕೆ ಮುಖಮಾಡಿ. ಧ್ವನಿವರ್ಧಕದ ಪೆಟ್ಟಿಗೆಯಿಂದ ದೂರ.

ಮನುಷ್ಯರಿಲ್ಲದೆ ತಾನೇ ತಿರುಗುವ ಎಐ ಕ್ಯಾಮೆರಾಗಳೂ ಈಗ ಕೆಳಹಂತದ ಲೀಗ್‌ಗಳಿಗೆ ಬಂದಿವೆ. 2020ರ ಅಕ್ಟೋಬರ್‌ನಲ್ಲಿ ಸ್ಕಾಟ್ಲೆಂಡಿನ ಎರಡನೇ ಹಂತದ ಲೀಗಿನ ಇನ್ವರ್ನೆಸ್–ಏರ್ ಯುನೈಟೆಡ್ ಪಂದ್ಯದಲ್ಲಿ ಇಂಥ ಕ್ಯಾಮೆರಾ ಚೆಂಡನ್ನು ಬಿಟ್ಟು ಲೈನ್‌ಮನ್‌ನ ಬೋಳು ತಲೆಯನ್ನು ಮತ್ತೆ ಮತ್ತೆ ಹಿಂಬಾಲಿಸಿತು, ಕಾಮೆಂಟೇಟರ್ ವೀಕ್ಷಕರ ಕ್ಷಮೆ ಕೇಳಬೇಕಾಯಿತು. ದುಂಡಗೆ, ಬೆಳ್ಳಗೆ ಹೊಳೆದದ್ದನ್ನು ಯಂತ್ರ ಚೆಂಡೆಂದುಕೊಂಡಿತ್ತು. ಪಕ್ಕದ ಬಯಲಿನಲ್ಲಿ ಮಕ್ಕಳು ಇನ್ನೊಂದು ಚೆಂಡು ಒದೆಯುವ ನಮ್ಮ ಮೈದಾನಗಳಲ್ಲೂ ಇದು ಆಗಬಹುದು. ಅಂಥ ಕ್ಯಾಮೆರಾ ತಂದರೂ ಅದನ್ನು ಸರಿದಾರಿಗೆ ತರಲು ಒಬ್ಬರು ಕೂತಿರಲೇಬೇಕು.

ಲೈವ್ ಕೊಟ್ಟರೆ ಮೈದಾನಕ್ಕೆ ಜನ ಬರುವುದಿಲ್ಲ ಎಂಬ ಅಳುಕು ಹಳೆಯದು. ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಫುಟ್‌ಬಾಲ್ ಪಂದ್ಯಗಳನ್ನು ಟಿವಿಯಲ್ಲಿ ನೇರವಾಗಿ ತೋರಿಸುವಂತಿಲ್ಲ. 1960ರ ದಶಕದಲ್ಲಿ ಬರ್ನ್ಲಿ ಕ್ಲಬ್ಬಿನ ಅಧ್ಯಕ್ಷ ಬಾಬ್ ಲಾರ್ಡ್ ಇದಕ್ಕಾಗಿ ಪಟ್ಟು ಹಿಡಿದಿದ್ದರು. ದೊಡ್ಡ ತಂಡದ ಆಟ ಟಿವಿಯಲ್ಲಿ ಬಂದರೆ ಚಿಕ್ಕ ಕ್ಲಬ್ಬುಗಳ ಗೇಟು ಖಾಲಿಯಾಗುತ್ತದೆ ಎಂಬುದು ವಾದ. ಕೊಡಗಿನ ಪಂದ್ಯಾವಳಿಗೆ ಅದು ಹಾಗೇ ಹೊಂದುವುದಿಲ್ಲ. ಇಲ್ಲಿ ಲೈವ್ ನೋಡುವವರಲ್ಲಿ ಬೆಂಗಳೂರಿನಲ್ಲಿ, ಗಲ್ಫ್‌ನಲ್ಲಿ ಇರುವವರೂ ಉಂಟು, ಅವರು ಹೇಗೂ ಗೇಟಿಗೆ ಬರುವವರಲ್ಲ. ಟಿಕೆಟ್ ನಂಬಿದ ಸಂಘಟಕರು ಲೀಗ್ ಹಂತವನ್ನು ಲೈವ್ ಕೊಟ್ಟು, ಫೈನಲ್ ಪಂದ್ಯದ ರೆಕಾರ್ಡಿಂಗ್ ಅನ್ನು ಅದೇ ರಾತ್ರಿ ಯೂಟ್ಯೂಬಿಗೆ ಏರಿಸಬಹುದು.

ಮುಂದಿನ ವರ್ಷ ಕೈಯಲ್ಲಿ ಒಂದಿಷ್ಟು ಹಣ ಉಳಿದರೆ ಎರಡನೇ ಕ್ಯಾಮೆರಾಕ್ಕೆ ಆತುರ ಬೇಡ. ಮೊದಲು ಒಳ್ಳೆಯ ಫ್ಲೂಯಿಡ್ ಹೆಡ್, ಆಮೇಲೆ ಫೈಬರ್ ಸಂಪರ್ಕ, ಆಮೇಲೆ ಮೈಕ್. ಇವಿಷ್ಟೂ ಆದ ಮೇಲೆ ಬರುವ ಎರಡನೇ ಕ್ಯಾಮೆರಾ ಮೊದಲನೆಯದು ಇರುವ ಬದಿಯಲ್ಲೇ, ಒಂದು ಪೆನಾಲ್ಟಿ ಬಾಕ್ಸಿನ ಗೆರೆಯ ನೇರಕ್ಕೆ ನಿಲ್ಲಬೇಕು. ಎದುರು ಬದಿಯಲ್ಲಿಟ್ಟರೆ ಚಿತ್ರ ಬದಲಾದಾಗಲೆಲ್ಲ ಎಡಕ್ಕೆ ಓಡುತ್ತಿದ್ದ ತಂಡ ಬಲಕ್ಕೆ ಓಡಿದಂತೆ ಕಂಡು ನೋಡುಗರಿಗೆ ದಿಕ್ಕು ತಪ್ಪುತ್ತದೆ.